ಆಟೊಮೇಷನ್ ವೇದಿಕೆ ಬದಲಾವಣೆ: ಮಿಡಿ ಸೀಸನ್ನಿಗೆ ಮೊದಲು ಮುಗಿಸಬಹುದೇ?

ಮಿಡಿಮನೆ, ಸಾಗರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮದು ಮನೆಯಲ್ಲೇ ನಡೆಯುವ ಉಪ್ಪಿನಕಾಯಿ ಉದ್ಯಮ. ಅಪ್ಪೆಮಿಡಿ, ಜೀರಿಗೆ ಮಿಡಿ, ಲಿಂಬೆ, ಮಾವಿನ ಹೋಳು ಎಲ್ಲ ಸೇರಿ 14 ಬಗೆಯ ಉಪ್ಪಿನಕಾಯಿಗಳನ್ನು ಕೊರಿಯರ್ ಮೂಲಕ ಕಳುಹಿಸುತ್ತೇವೆ. ಎರಡು ವರ್ಷಗಳ ಹಿಂದೆ ನನ್ನ ಮಗಳು ಒಂದು ಆಟೊಮೇಷನ್ ವೇದಿಕೆಯಲ್ಲಿ (ಬೇರೆ ಬೇರೆ ಆ್ಯಪುಗಳನ್ನು ಜೋಡಿಸಿ ಕೆಲಸವನ್ನು ತಾನೇ ನಡೆಸುವ ಸೇವೆ) ಇಡೀ ವ್ಯವಸ್ಥೆಯನ್ನು ಕಟ್ಟಿಕೊಟ್ಟಳು. ಗ್ರಾಹಕರ ವಾಟ್ಸ್ಆ್ಯಪ್ ಸಂದೇಶವನ್ನು ಎಐ ಓದಿ, ಯಾವ ಬಗೆ, ಎಷ್ಟು ತೂಕ, ಯಾವ ವಿಳಾಸ ಎಂಬುದನ್ನು ಬೇರ್ಪಡಿಸಿ ಗೂಗಲ್ ಶೀಟಿಗೆ ಬರೆಯುತ್ತದೆ. ಆಮೇಲೆ ಪಾವತಿ ಲಿಂಕ್ ಹೋಗುತ್ತದೆ, ಹಣ ಬಂದ ಕೂಡಲೇ ಕೊರಿಯರ್ ಬುಕ್ ಆಗುತ್ತದೆ, ಕೊನೆಗೆ ಟ್ರ್ಯಾಕಿಂಗ್ ಸಂಖ್ಯೆಯ ಸಂದೇಶ ಹೋಗುತ್ತದೆ. ಮಗಳು ಈಗ ಉದ್ಯೋಗದ ಮೇಲೆ ಜರ್ಮನಿಯಲ್ಲಿದ್ದಾಳೆ. ನನಗೆ ನೋಡಿಕೊಳ್ಳಲು ಬರುತ್ತದೆ, ಹೊಸದಾಗಿ ಕಟ್ಟಲು ಅಷ್ಟಾಗಿ ಬರುವುದಿಲ್ಲ.

ತೊಂದರೆ ಇರುವುದು ಖರ್ಚಿನಲ್ಲಿ. ಈಗಿನ ವೇದಿಕೆ ಪ್ರತಿಯೊಂದು ಹೆಜ್ಜೆಗೂ ಲೆಕ್ಕ ಹಾಕುತ್ತದೆ, ಮತ್ತು ನಮ್ಮ ಒಂದು ಆರ್ಡರಿಗೆ 9 ಹೆಜ್ಜೆಗಳಾಗುತ್ತವೆ. ಮಾಮೂಲಿ ದಿನಗಳಲ್ಲಿ ದಿನಕ್ಕೆ 25 ಆರ್ಡರುಗಳಂತೆ ತಿಂಗಳಿಗೆ 6,750 ಹೆಜ್ಜೆಗಳು ಸಾಕಾಗುತ್ತವೆ. ಹೊಸ ಮಿಡಿ ಬರುವ ಬೇಸಿಗೆಯಲ್ಲಿ ದಿನಕ್ಕೆ 150 ಆರ್ಡರುಗಳಾದಾಗ ಅದು 40,500ಕ್ಕೆ ಏರುತ್ತದೆ, ಆ ಎರಡು ಮೂರು ತಿಂಗಳಿಗಾಗಿ ದೊಡ್ಡ ಯೋಜನೆಯನ್ನು ಕೊಳ್ಳಬೇಕಾಗುತ್ತದೆ. ಎನ್8ಎನ್ ಎಂಬ ವೇದಿಕೆಯಲ್ಲಿ ಹೆಜ್ಜೆಗಳಿಗೆ ಲೆಕ್ಕವಿಲ್ಲ, ಆರಂಭದಿಂದ ಕೊನೆಯವರೆಗಿನ ಇಡೀ ಓಟಕ್ಕೆ ಒಂದೇ ಲೆಕ್ಕ ಎಂದು ಕೇಳಿದ್ದೇನೆ.

ನನಗೆ ತಿಳಿಯಬೇಕಾದದ್ದು ಇಷ್ಟು. ಈಗಿರುವ 11 ವರ್ಕ್‌ಫ್ಲೋಗಳನ್ನು (ಒಂದರ ಹಿಂದೊಂದು ನಡೆಯುವ ಹೆಜ್ಜೆಗಳ ಸರಣಿಗಳನ್ನು) ಹಾಗೆಯೇ ಎತ್ತಿ ಅಲ್ಲಿಗೆ ಇಡಬಹುದೇ? ಹಳೆಯದನ್ನೂ ಹೊಸದನ್ನೂ ಕೆಲವು ದಿನ ಒಟ್ಟಿಗೆ ನಡೆಸಬಹುದೇ? ಎಐ ಹೆಜ್ಜೆ ಹೊಸ ಜಾಗದಲ್ಲಿಯೂ ನಮ್ಮ ಗ್ರಾಹಕರ ಕನ್ನಡವನ್ನು ಇಷ್ಟೇ ಚೆನ್ನಾಗಿ ಓದುತ್ತದೆಯೇ? ಜನವರಿ ಒಳಗೆ ಮುಗಿಯದಿದ್ದರೆ ನಾನು ಈ ಯೋಚನೆಯನ್ನು ಮುಂದಿನ ವರ್ಷಕ್ಕೆ ಬಿಡುತ್ತೇನೆ.

ಜೋಡಣೆಗಾರ, ಮೈಸೂರು

ಇಂತಹ ವರ್ಗಾವಣೆಗಳನ್ನು ಮಾಡುವುದೇ ನನ್ನ ವೃತ್ತಿಯಾಗಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲ ಪ್ರಶ್ನೆಗೆ ಉತ್ತರ: ಇಲ್ಲ, ಹಾಗೆಯೇ ಎತ್ತಿ ಇಡಲಾಗುವುದಿಲ್ಲ. ಉದಾಹರಣೆಗೆ ಮೇಕ್ ಎಂಬ ವೇದಿಕೆ ತನ್ನ ಸಿನಾರಿಯೊವನ್ನು (ವರ್ಕ್‌ಫ್ಲೋಗೆ ಅಲ್ಲಿನ ಹೆಸರು) ಬ್ಲೂಪ್ರಿಂಟ್ ಎಂಬ ಜೆಸನ್ ಕಡತವಾಗಿ, ಅಂದರೆ ಯಂತ್ರ ಓದಬಲ್ಲ ಪಠ್ಯವಾಗಿ ಕೊಡುತ್ತದೆ, ಎನ್8ಎನ್ ಕೂಡ ತನ್ನ ವರ್ಕ್‌ಫ್ಲೋವನ್ನು ಜೆಸನ್ ಆಗಿ ಕೊಡುತ್ತದೆ. ಆದರೆ ಒಬ್ಬರ ಜೆಸನ್ ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ. ಆ ಕಡತಗಳು ನಿಮ್ಮ ಕೈಯಲ್ಲಿ ನಕ್ಷೆಯಾಗಿ ಉಪಯೋಗಕ್ಕೆ ಬರುತ್ತವೆ, ಮನೆಯನ್ನು ಮಾತ್ರ ಹೊಸದಾಗಿಯೇ ಕಟ್ಟಬೇಕು. 11 ವರ್ಕ್‌ಫ್ಲೋಗಳಲ್ಲಿ ಕಳೆದ ಆರು ತಿಂಗಳಲ್ಲಿ ಒಮ್ಮೆಯೂ ಓಡದಿರುವವು ಯಾವುವು ಎಂದು ನೋಡಿ. ನನ್ನ ಅನುಭವದಲ್ಲಿ ಮೂರರಲ್ಲಿ ಒಂದು ಹಾಗಿರುತ್ತದೆ, ಅದನ್ನು ಕಟ್ಟುವ ಶ್ರಮವೇ ಬೇಡ.

ಈಗ ಖರ್ಚಿನ ವಿಷಯ. ನೀವು ಕೇಳಿರುವುದು ನಿಜ, ಆದರೆ ಅರ್ಧ ಮಾತ್ರ ನಿಜ. ಜೇಪಿಯರ್‌ನಂತಹ ವೇದಿಕೆಯಲ್ಲಿ ಯಶಸ್ವಿಯಾಗಿ ಮುಗಿದ ಪ್ರತಿಯೊಂದು ಕ್ರಿಯೆಗೂ ಒಂದು ಟಾಸ್ಕ್ ಲೆಕ್ಕವಾಗುತ್ತದೆ. ಓಟವನ್ನು ಆರಂಭಿಸುವ ಟ್ರಿಗರಿಗೂ ಬೇಡದ್ದನ್ನು ತಡೆಯುವ ಫಿಲ್ಟರಿಗೂ ಲೆಕ್ಕವಿಲ್ಲ. ಮೇಕ್ ಬಹುಕಾಲ ಪ್ರತಿ ಮಾಡ್ಯೂಲಿನ (ಅಂದರೆ ಹೆಜ್ಜೆಯ) ಓಟಕ್ಕೆ ಒಂದು ಆಪರೇಷನ್ ಎಂದು ಎಣಿಸುತ್ತಿತ್ತು, 2025ರ ಆಗಸ್ಟ್‌ನಿಂದ ಅದನ್ನು ಕ್ರೆಡಿಟ್ ಲೆಕ್ಕಕ್ಕೆ ಬದಲಾಯಿಸಿದೆ. ಅಲ್ಲಿ ನಿಗದಿತ ಸಮಯಕ್ಕೊಮ್ಮೆ ಹೊಸದೇನಾದರೂ ಬಂದಿದೆಯೇ ಎಂದು ಇಣುಕಿ ನೋಡುವುದಕ್ಕೂ ಲೆಕ್ಕವಿದೆ, ಅಂದರೆ 15 ನಿಮಿಷಕ್ಕೊಮ್ಮೆ ಇಣುಕುವ ಒಂದು ಸಿನಾರಿಯೊ ಏನೂ ಕೆಲಸ ಮಾಡದೆಯೂ ತಿಂಗಳಿಗೆ 2,880 ಬಾರಿ ಎಣಿಕೆಯಾಗುತ್ತದೆ. ಎನ್8ಎನ್‌ನ ಕ್ಲೌಡ್ ಸೇವೆಯಲ್ಲಿ (ಅವರದೇ ಸರ್ವರಿನಲ್ಲಿ ನಡೆಯುವುದು) ಒಂದು ಓಟದಲ್ಲಿ ಐದು ಹೆಜ್ಜೆಗಳಿರಲಿ, ಐವತ್ತಿರಲಿ, ಎಣಿಕೆ ಒಂದೇ.

ನಿಮ್ಮ ಆರ್ಡರಿಗೆ ಸಂದೇಶ, ಪಾವತಿ, ಕೊರಿಯರ್ ಎಂದು ಮೂರು ಓಟಗಳೆಂದುಕೊಂಡರೆ ಸೀಸನ್ನಿನಲ್ಲಿ ತಿಂಗಳಿಗೆ 13,500 ಆಗುತ್ತದೆ, 40,500ಕ್ಕೆ ಹೋಲಿಸಿದರೆ ಮೂರರಲ್ಲಿ ಒಂದು ಪಾಲು. ಇಲ್ಲಿಯೇ ಹಲವರು ಎಡವುವುದು. ವಾಟ್ಸ್ಆ್ಯಪ್ ಬಿಸಿನೆಸ್ ವೇದಿಕೆಯು ಗ್ರಾಹಕರ ಸಂದೇಶಗಳನ್ನಷ್ಟೇ ಅಲ್ಲ, ನೀವು ಕಳುಹಿಸಿದ ಪ್ರತಿ ಸಂದೇಶವೂ ಹೊರಟಿತು, ತಲುಪಿತು, ಓದಲಾಯಿತು ಎಂಬ ಸ್ಥಿತಿಸೂಚನೆಗಳನ್ನೂ, ಸೂಚನೆಗಳು ಬಂದು ಬೀಳುವ ವಿಳಾಸವಾದ ಅದೇ ವೆಬ್‌ಹುಕ್‌ಗೆ ಕಳುಹಿಸುತ್ತದೆ. ಒಂದು ಆರ್ಡರಿಗೆ ನೀವು ನಾಲ್ಕು ಸಂದೇಶ ಕಳುಹಿಸಿದರೆ ಅವುಗಳಿಂದಲೇ 12 ಸೂಚನೆಗಳು. ಗ್ರಾಹಕರು 'ಸರಿ', 'ಧನ್ಯವಾದ', 'ಯಾವಾಗ ಬರುತ್ತೆ' ಎಂದು ಬರೆಯುವ ನಾಲ್ಕು ಸಂದೇಶಗಳನ್ನು ಸೇರಿಸಿದರೆ 16. ಟ್ರಿಗರಿಗೂ ಫಿಲ್ಟರಿಗೂ ಲೆಕ್ಕವಿಲ್ಲದ ಕಡೆ ಇವೆಲ್ಲ ಬಾಗಿಲಲ್ಲೇ ಸದ್ದಿಲ್ಲದೆ ಉದುರಿಹೋಗುತ್ತಿರುತ್ತವೆ, ಬಿಲ್ಲಿನಲ್ಲಿ ಎಂದೂ ಕಾಣಿಸಿರುವುದಿಲ್ಲ. ಓಟಕ್ಕೆ ಲೆಕ್ಕ ಹಾಕುವ ಕಡೆ ಓಟ ಆರಂಭವಾಗಿ ಮೊದಲ ಹೆಜ್ಜೆಯಲ್ಲೇ ನಿಂತರೂ ಅದು ಒಂದು ಓಟವೇ. ಆಗ ದಿನಕ್ಕೆ 150 ಆರ್ಡರುಗಳಿಗೆ 2,400 ಓಟಗಳು, ತಿಂಗಳಿಗೆ 72,000! ಉಳಿಸಲು ಹೋಗಿ ಹೆಚ್ಚು ಕೊಟ್ಟಂತಾಗುತ್ತದೆ.

ಆದುದರಿಂದ ನಿಮಗೆ ಎರಡೇ ದಾರಿಗಳು ಲಾಭದಾಯಕ. ಸ್ಥಿತಿಸೂಚನೆಗಳನ್ನು ಮೊದಲೇ ತಡೆಯುವಂತೆ ನಿಮ್ಮ ವಾಟ್ಸ್ಆ್ಯಪ್ ಸೇವಾದಾರರನ್ನು ಕೇಳಿ ಕ್ಲೌಡ್ ಸೇವೆಗೆ ಹೋಗುವುದು ಒಂದು. ಎನ್8ಎನ್ ಅನ್ನು ನಿಮ್ಮದೇ ಬಾಡಿಗೆ ಸರ್ವರಿನಲ್ಲಿ ಇಟ್ಟುಕೊಳ್ಳುವುದು ಇನ್ನೊಂದು. ಅದರ ಪರವಾನಗಿಯ ಪ್ರಕಾರ ಸ್ವಂತ ವ್ಯವಹಾರಕ್ಕೆ ಉಚಿತವಾಗಿ ಬಳಸಬಹುದು, ಓಟಗಳಿಗೆ ಮಿತಿಯಿಲ್ಲ, ಮತ್ತು ದಿನಕ್ಕೆ 2,400 ಅಂದರೆ ಗಂಟೆಗೆ ಸರಾಸರಿ 100 ಸಣ್ಣ ಓಟಗಳು ಚಿಕ್ಕ ಸರ್ವರಿಗೂ ಹೊರೆಯಲ್ಲ.

ಸ್ವಂತ ಸರ್ವರಿನಲ್ಲಿ ಇಟ್ಟರೆ ಮೂರು ಸಂಗತಿಗಳನ್ನು ಮೊದಲ ದಿನವೇ ಸರಿಪಡಿಸಿಕೊಳ್ಳಿ. ಅದರ ಮೂಲ ಕಾಲಮಾನ ನ್ಯೂಯಾರ್ಕ್‌ನದು. ಏಷ್ಯಾ/ಕೋಲ್ಕತಾ ಎಂದು ಬದಲಿಸದಿದ್ದರೆ ಬೆಳಗ್ಗೆ 9ಕ್ಕೆ ಹೋಗಬೇಕಾದ ಸಂದೇಶ ಸಂಜೆ ಹೋಗುತ್ತದೆ. ನಿಮ್ಮ ಗುಪ್ತಪದಗಳನ್ನೆಲ್ಲ ಅದು ಒಂದು ಎನ್‌ಕ್ರಿಪ್ಷನ್ ಕೀಲಿಯಿಂದ ಮುಚ್ಚಿಡುತ್ತದೆ. ದತ್ತಾಂಶದ ಬ್ಯಾಕಪ್ ಇದ್ದು ಕೀಲಿ ಕಳೆದುಹೋದರೆ ಎಲ್ಲ ಸಂಪರ್ಕಗಳನ್ನೂ ಮತ್ತೆ ಜೋಡಿಸಬೇಕಾಗುತ್ತದೆ, ಆದ್ದರಿಂದ ಕೀಲಿಯನ್ನು ಬೇರೆ ಕಡೆ ಬರೆದಿಡಿ. ಗೂಗಲ್ ಶೀಟಿಗೆ ಅನುಮತಿ ಪಡೆಯಲು ನಿಮ್ಮದೇ ಒಂದು ಆ್ಯಪನ್ನು ಗೂಗಲ್ ಕ್ಲೌಡ್‌ನಲ್ಲಿ ನೋಂದಾಯಿಸಬೇಕಾಗುತ್ತದೆ. ಹೊರಗಿನ ಬಳಕೆದಾರರಿಗಾಗಿರುವ ಆ್ಯಪನ್ನು 'ಟೆಸ್ಟಿಂಗ್' ಸ್ಥಿತಿಯಲ್ಲೇ ಬಿಟ್ಟರೆ ಆ ಅನುಮತಿ 7 ದಿನಗಳಿಗೆ ಮುಗಿಯುತ್ತದೆ. ಸೋಮವಾರ ಕಟ್ಟಿದ್ದು ಮುಂದಿನ ಸೋಮವಾರ ಕಾರಣವಿಲ್ಲದೆ ನಿಂತಂತೆ ಕಾಣುವುದು ಇದರಿಂದ.

ಸೀರೆ ಅಂಗಡಿ, ಬೆಳಗಾವಿ

ಮೇಲಿನವರು ಹೇಳಿದ್ದಕ್ಕೆ ನನ್ನ ಆಕ್ಷೇಪವಿಲ್ಲ. ನಿಮ್ಮ ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ಆ ಪಾಠಕ್ಕೆ ನಾವು ಶುಲ್ಕ ಕಟ್ಟಿದ್ದೇವೆ.

ಕಳೆದ ವರ್ಷ ನಾವು ಒಂದು ವೇದಿಕೆಯಿಂದ ಇನ್ನೊಂದಕ್ಕೆ ಹೋದಾಗ ಜಾಣತನವೆಂದುಕೊಂಡು ಎರಡನ್ನೂ ಹತ್ತು ದಿನ ಒಟ್ಟಿಗೆ ನಡೆಸಿದೆವು. ಪಾವತಿಯ ಸೂಚನೆ ಎರಡೂ ಕಡೆ ಬರುವಂತೆ ಮಾಡಿಕೊಂಡಿದ್ದೆವು, ಹೊಸದು ಸರಿಯಾಗಿ ಓದುತ್ತಿದೆಯೇ ಎಂದು ನೋಡುವುದಷ್ಟೇ ಉದ್ದೇಶವಾಗಿತ್ತು. ಆದರೆ ಹೊಸ ಕಡೆಯ ಕೊರಿಯರ್ ಹೆಜ್ಜೆಯನ್ನು ಆಫ್ ಮಾಡಲು ಮರೆತಿದ್ದೆವು. ಎರಡು ದಿನಗಳಲ್ಲಿ 22 ಆರ್ಡರುಗಳಿಗೆ ಎರಡೆರಡು ಕೊರಿಯರ್ ಚೀಟಿಗಳು ಬಂದವು. ಪ್ಯಾಕಿಂಗ್ ಮಾಡುವ ಹುಡುಗರು ಚೀಟಿ ಬಂದ ಮೇಲೆ ಸೀರೆ ಹಾಕಲೇಬೇಕೆಂದು ಹಾಕಿದರು, ಅವರ ತಪ್ಪೇನೂ ಇಲ್ಲ. ಬಹುಪಾಲು ಗ್ರಾಹಕರು ಪ್ರಾಮಾಣಿಕವಾಗಿ ಹಿಂದಿರುಗಿಸಿದರು. ಮೂರು ಇಳಕಲ್ ಸೀರೆಗಳು ಮಾತ್ರ ಇನ್ನೂ ಬಂದಿಲ್ಲ.

ಒಟ್ಟಿಗೆ ನಡೆಸುವುದು ತಪ್ಪಲ್ಲ, ಎರಡೂ ಕಡೆಗೆ ಕೈಗಳಿರಬಾರದು ಅಷ್ಟೆ. ಹೊಸದು ಓದಲಿ, ಯೋಚಿಸಲಿ, ತಾನು ಏನು ಮಾಡುತ್ತಿದ್ದೆ ಎಂಬುದನ್ನು ಬೇರೊಂದು ಶೀಟಿನಲ್ಲಿ ಬರೆದಿಡಲಿ. ಗ್ರಾಹಕರಿಗೆ ಸಂದೇಶ ಕಳುಹಿಸುವ, ಹಣ ಮುಟ್ಟುವ, ಪಾರ್ಸೆಲ್ ಬುಕ್ ಮಾಡುವ ಹೆಜ್ಜೆಗಳನ್ನು ಜೋಡಿಸುವುದೇ ಬೇಡ. ಆಫ್ ಮಾಡಿಟ್ಟರೆ ಸಾಲದು, ಜೋಡಿಸಲೇಬೇಡಿ. ಪ್ರತಿ ಸಂಜೆ ಎರಡು ಶೀಟುಗಳನ್ನು ಅಕ್ಕಪಕ್ಕ ಇಟ್ಟು ವ್ಯತ್ಯಾಸ ನೋಡಿ.

ಒಂದು ಎಚ್ಚರಿಕೆ: ಒಂದು ವಾಟ್ಸ್ಆ್ಯಪ್ ಆ್ಯಪಿಗೆ ಸೂಚನೆ ಹೋಗುವ ವಿಳಾಸ ಒಂದೇ ಇರುತ್ತದೆ, ಎರಡು ಕೊಡಲು ಬರುವುದಿಲ್ಲ. ಹಾಗಾಗಿ ಪರೀಕ್ಷೆಯ ಅವಧಿಯಲ್ಲಿ ಹಳೆಯ ವರ್ಕ್‌ಫ್ಲೋದಲ್ಲೇ ಒಂದು ಹೆಜ್ಜೆ ಸೇರಿಸಿ ಸಂದೇಶದ ಪ್ರತಿಯನ್ನು ಹೊಸದಕ್ಕೆ ದಾಟಿಸಬೇಕಾಗುತ್ತದೆ. ಅದಕ್ಕೂ ಹಳೆಯ ವೇದಿಕೆ ಲೆಕ್ಕ ಹಾಕುತ್ತದೆ. ಮತ್ತೊಂದು ಮಾತು, ಇದೇ ಸಮಯದಲ್ಲಿ ವಾಟ್ಸ್ಆ್ಯಪ್ ಸೇವಾದಾರರನ್ನೂ ಬದಲಾಯಿಸಲು ಹೋಗಬೇಡಿ. ನಂಬರನ್ನು ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸಲು, ಅನುಮೋದನೆಯಾದ ಟೆಂಪ್ಲೇಟುಗಳನ್ನು (ಸಿದ್ಧ ಸಂದೇಶದ ಮಾದರಿಗಳನ್ನು) ಸರಿಮಾಡಿಕೊಳ್ಳಲು ಅದರದೇ ಓಡಾಟವಿದೆ. ಎರಡು ದೋಣಿಗಳ ಮೇಲೆ ಕಾಲಿಡುವುದು ಕಷ್ಟವಾದರೆ ಇದು ಮೂರನೆಯ ದೋಣಿ.

ಎರಡು ಬಾರಿ ಆಗುವ ತೊಂದರೆ ಒಂದೇ ವೇದಿಕೆಯಿದ್ದಾಗಲೂ ಬರಬಹುದು. ಪಾವತಿ ಸೇವೆಗಳು ನಿಮ್ಮ ಕಡೆಯಿಂದ ಸಮಯಕ್ಕೆ ಉತ್ತರ ಬರದಿದ್ದರೆ ಅದೇ ಸೂಚನೆಯನ್ನು ಮತ್ತೆ ಕಳುಹಿಸುತ್ತವೆ; ರೇಜರ್‌ಪೇ 24 ಗಂಟೆಗಳವರೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಹಾಗೂ ಪ್ರತಿ ಸೂಚನೆಯ ಜತೆ ಒಂದು ಗುರುತಿನ ಸಂಖ್ಯೆಯನ್ನು ಕೊಡುತ್ತದೆ. ಆ ಸಂಖ್ಯೆಯನ್ನು ಶೀಟಿನಲ್ಲಿ ಬರೆದಿಟ್ಟುಕೊಂಡು, ಈಗಾಗಲೇ ಇದ್ದರೆ ಮುಂದೆ ಹೋಗಬಾರದು ಎಂಬ ಹೆಜ್ಜೆಯನ್ನು ಮೊದಲೇ ಇಡಿ. ಅಲ್ಲಿ ಮೊತ್ತ ಬರುವುದು ಪೈಸೆಯಲ್ಲಿ ಎಂಬುದೂ ನೆನಪಿರಲಿ. 850 ರೂಪಾಯಿ 85000 ಎಂದು ಕಾಣಿಸುತ್ತದೆ. ಹಳೆಯ ವೇದಿಕೆಯ ಸಿದ್ಧ ಜೋಡಣೆ ಅದನ್ನು ತಾನೇ ನೂರರಿಂದ ಭಾಗಿಸಿ ಕೊಡುತ್ತಿದ್ದಿರಬಹುದು, ಹೊಸದರಲ್ಲಿ ನೀವೇ ಭಾಗಿಸಬೇಕಾದೀತು.

ಲೆಕ್ಕಪತ್ರ, ದಾವಣಗೆರೆ

ತಾಂತ್ರಿಕ ವಿಷಯ ನನ್ನದಲ್ಲ, ಬಿಲ್ಲಿನ ಬಗ್ಗೆ ಎರಡು ಮಾತು. ವಿದೇಶಿ ಸಂಸ್ಥೆಗೆ ಡಾಲರಿನಲ್ಲೋ ಯೂರೊದಲ್ಲೋ ಕಟ್ಟುವ ಚಂದಾ ಸೇವೆಯ ಆಮದಾಗುತ್ತದೆ. ಜಿಎಸ್‌ಟಿ ನೋಂದಣಿಯಿರುವ ವ್ಯಾಪಾರಿಯು ಅದರ ಮೇಲೆ 18% ತೆರಿಗೆಯನ್ನು ರಿವರ್ಸ್ ಚಾರ್ಜ್ (ಮಾರಿದವರ ಬದಲು ಕೊಂಡವರು ಕಟ್ಟುವ ಪದ್ಧತಿ) ಅಡಿ ತಾನೇ ನಗದಾಗಿ ಕಟ್ಟಬೇಕು. ಸಾಮಾನ್ಯ ಯೋಜನೆಯಲ್ಲಿದ್ದರೆ ಅದನ್ನು ಹೂಡುವಳಿ ತೆರಿಗೆ ಜಮೆಯಾಗಿ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಹಿಂದೆ ಪಡೆಯಬಹುದು, ಸಣ್ಣ ವ್ಯಾಪಾರಿಗಳ ಕಾಂಪೊಸಿಷನ್ ಯೋಜನೆಯಲ್ಲಿದ್ದರೆ ಅದು ನೇರ ಖರ್ಚು. ಹಳೆಯ ಮತ್ತು ಹೊಸ ವೇದಿಕೆಗಳ ದರ ಹೋಲಿಸುವಾಗ ಬಹಳ ಮಂದಿ ಇದನ್ನು ಬಿಟ್ಟು ಲೆಕ್ಕ ಹಾಕುತ್ತಾರೆ. ಬಾಡಿಗೆ ಸರ್ವರನ್ನು ಭಾರತೀಯ ಸಂಸ್ಥೆಯಿಂದ ಪಡೆದರೆ ಅವರ ಬಿಲ್ಲಿನಲ್ಲೇ ಜಿಎಸ್‌ಟಿ ಸೇರಿರುತ್ತದೆ, ನಿಮಗೆ ಆ ಕೆಲಸ ತಪ್ಪುತ್ತದೆ.

ಗ್ರಾಹಕರ ಹೆಸರು, ಫೋನ್, ವಿಳಾಸ ನಿಮ್ಮ ಬಳಿ ಇರುವುದರಿಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಿಮಗೂ ಅನ್ವಯಿಸುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ, ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಅವಧಿಯಿದೆ. ಕೆಲಸವನ್ನು ಯಾವ ವೇದಿಕೆಗೆ ವಹಿಸಿದರೂ ಹೊಣೆ ನಿಮ್ಮದೇ. ಬಿಟ್ಟುಹೋಗುವ ವೇದಿಕೆಯಲ್ಲಿ ಎರಡು ವರ್ಷಗಳ ವಿಳಾಸಗಳು ಉಳಿದಿರುತ್ತವೆ ಎಂಬುದನ್ನು ಮರೆಯಬೇಡಿ.

ಮಿಡಿಮನೆ, ಸಾಗರ

ಇಷ್ಟು ತಾಳ್ಮೆಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ಸ್ಥಿತಿಸೂಚನೆಗಳ ಲೆಕ್ಕವನ್ನು ಓದಿ ಹಳೆಯ ವೇದಿಕೆಯ ದಾಖಲೆಗಳನ್ನು ತೆಗೆದು ನೋಡಿದೆ. ನಿನ್ನೆ ಒಂದೇ ದಿನ 31 ಆರ್ಡರುಗಳಿಗೆ ಫಿಲ್ಟರಿನಲ್ಲಿ ನಿಂತವು 388 ಇದ್ದವು. ಇಷ್ಟು ದಿನ ನನಗೆ ಅವು ಕಣ್ಣಿಗೇ ಬಿದ್ದಿರಲಿಲ್ಲ.

ಸ್ವಂತ ಸರ್ವರನ್ನು ಮನೆಯಲ್ಲಿ ಇಡುವ ಮಾತಂತೂ ಇಲ್ಲ. ಲಿಂಗನಮಕ್ಕಿ ಇರುವುದು ನಮ್ಮದೇ ತಾಲ್ಲೂಕಿನಲ್ಲಿ, ನಾಡಿಗೆಲ್ಲ ಶರಾವತಿಯ ಕರೆಂಟು ಹೋಗುತ್ತದೆ, ಆದರೆ ಆಷಾಢದ ಮಳೆಯಲ್ಲಿ ಮರ ಬಿದ್ದರೆ ನಮ್ಮ ಹಳ್ಳಿಗೆ ಮೂರು ದಿನ ಕತ್ತಲೆ. ಬಾಡಿಗೆ ಸರ್ವರನ್ನು ಮಗಳು ದೂರದಿಂದಲೇ ನೋಡಿಕೊಳ್ಳಲು ಒಪ್ಪಿದ್ದಾಳೆ.

ಎಐ ಹೆಜ್ಜೆಯ ಬಗ್ಗೆ ಇನ್ನೂ ಯಾರೂ ಹೇಳಿಲ್ಲ. ಈಗಿನ ವೇದಿಕೆಯಲ್ಲಿ ಅವರದೇ ಅಂತರ್ಗತ ಎಐ ಇದೆ, ಯಾವ ಮಾಡೆಲ್ ಎಂದು ಅವರು ಹೇಳುವುದಿಲ್ಲ. ಹೊಸದರಲ್ಲಿ ನಾನೇ ಆರಿಸಿಕೊಳ್ಳಬೇಕಂತೆ. ಪ್ರಾಂಪ್ಟನ್ನು (ಎಐಗೆ ಬರೆದುಕೊಟ್ಟ ಸೂಚನೆಯನ್ನು) ಹಾಗೆಯೇ ನಕಲು ಮಾಡಿ ಮೂರು ನಾಲ್ಕು ಸಂದೇಶಗಳನ್ನು ಕೊಟ್ಟು ನೋಡಿದೆ. 'ಜೀರಿಗೆ ಮಿಡಿ ಅರ್ಧ ಕೆಜಿ' ಎಂಬುದನ್ನು ಜೀರಿಗೆ ಒಂದು ವಸ್ತು, ಮಿಡಿ ಇನ್ನೊಂದು ವಸ್ತು ಎಂದು ಓದಿತು! ಜೀರಿಗೆಯ ಪರಿಮಳದ ಮಾವಿನ ಮಿಡಿ ಅದು ಎಂದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು ಹೇಳಿ.

ಪದಶೋಧ, ಬೆಂಗಳೂರು

ಭಾಷಾ ತಂತ್ರಜ್ಞಾನದಲ್ಲಿ ಕೆಲಸ ಮಾಡುತ್ತಿರುವುದರಿಂದ ಈ ಭಾಗಕ್ಕೆ ನಾನು ಉತ್ತರಿಸಬಹುದು. ಪ್ರಾಂಪ್ಟ್ ಎನ್ನುವುದು ಒಂದು ನಿರ್ದಿಷ್ಟ ಮಾಡೆಲಿನೊಡನೆ ಎರಡು ವರ್ಷ ಜಗಳವಾಡಿ ಬಂದ ಒಪ್ಪಂದ. ನಿಮ್ಮ ಮಗಳು ಅದರಲ್ಲಿ ಸೇರಿಸಿರುವ ವಿಚಿತ್ರ ವಾಕ್ಯಗಳು ಆ ಮಾಡೆಲ್ ಮಾಡಿದ ತಪ್ಪುಗಳಿಗೆ ಹಾಕಿದ ತೇಪೆಗಳು. ಹೊಸ ಮಾಡೆಲಿನ ಬಟ್ಟೆ ಹರಿಯುವುದು ಬೇರೆ ಜಾಗದಲ್ಲಿ.

ಆದ್ದರಿಂದ ಪ್ರಾಂಪ್ಟಿಗಿಂತ ಮೊದಲು ಪರೀಕ್ಷೆಯ ಗಂಟನ್ನು ಕಟ್ಟಿಕೊಳ್ಳಿ. ಹಳೆಯ ಸಂದೇಶಗಳಿಂದ 200 ಆರಿಸಿ, ಹೆಸರು ಮತ್ತು ಫೋನ್ ಸಂಖ್ಯೆಗಳನ್ನು ಬದಲಿಸಿ, ಪ್ರತಿಯೊಂದಕ್ಕೂ ಸರಿಯುತ್ತರವನ್ನು ನೀವೇ ಕೈಯಾರೆ ಶೀಟಿನಲ್ಲಿ ಬರೆಯಿರಿ. ಸುಲಭದವನ್ನು ತುಂಬಬೇಡಿ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದವು, ಹಿಂದಿ ಬೆರೆತವು, 'ಒಂದೂವರೆ', 'ಎರಡೂಕಾಲು', 'ಮುಕ್ಕಾಲು' ಇರುವವು, ಕನ್ನಡ ಅಂಕಿಗಳಲ್ಲಿ ಬರೆದವು, 'ಹೋದ ಸಲ ಕಳಿಸಿದ್ದೇ ಕಳಿಸಿ' ಎನ್ನುವವು, 'ನಮ್ಮ ಅತ್ತೆಯ ಮನೆಗೆ, ಅವರ ವಿಳಾಸ ನಿಮ್ಮ ಹತ್ತಿರ ಇದೆಯಲ್ಲ' ಎನ್ನುವವು, ಆರ್ಡರೇ ಅಲ್ಲದೆ ಬರೀ ಕುಶಲ ಕೇಳುವವು ಎಲ್ಲವೂ ಇರಲಿ. ಹೋಳು ಮತ್ತು ಮಿಡಿಯನ್ನು ಗ್ರಾಹಕರೇ ಅದಲುಬದಲು ಮಾಡಿ ಬರೆದದ್ದಿದ್ದರೆ ಅದೂ ಸೇರಲಿ. ಈ ಗಂಟು ಇದ್ದರೆ ಎರಡು ಮೂರು ಮಾಡೆಲುಗಳನ್ನು ಒಂದು ಸಂಜೆಯಲ್ಲಿ ತೂಗಿ ನೋಡಬಹುದು. ಇಲ್ಲದಿದ್ದರೆ ಗ್ರಾಹಕರ ಮೇಲೆಯೇ ಪರೀಕ್ಷೆ ನಡೆಯುತ್ತದೆ.

ಜೀರಿಗೆ ಮಿಡಿಯ ತೊಂದರೆಗೆ ಉಪಾಯ ಸರಳವಿದೆ. ನಿಮ್ಮ 14 ಬಗೆಗಳ ಪಟ್ಟಿಯನ್ನು, ಪ್ರತಿಯೊಂದಕ್ಕೂ ಜನ ಬಳಸುವ ಬೇರೆ ಹೆಸರುಗಳೊಂದಿಗೆ, ಒಂದು ಶೀಟಿನಲ್ಲಿಟ್ಟು ಪ್ರತಿ ಬಾರಿಯೂ ಮಾಡೆಲಿಗೆ ಅದನ್ನು ಕೊಡಿ. ಉತ್ತರವು ಆ ಪಟ್ಟಿಯೊಳಗಿನದೇ ಆಗಿರಬೇಕು, ಪಟ್ಟಿಗೆ ಹೊಂದದಿದ್ದರೆ 'ಸಂದೇಹ' ಎಂದು ಹೇಳಬೇಕು ಎಂದು ನಿಗದಿಪಡಿಸಿ. ಸಂದೇಹದವು ನೇರವಾಗಿ ನಿಮ್ಮ ಫೋನಿಗೆ ಬರಲಿ. ನೂರರಲ್ಲಿ ಎಂಟು ಹತ್ತು ಹಾಗೆ ಬಂದರೂ ನಷ್ಟವಿಲ್ಲ. ತಪ್ಪು ಓದಿಯೂ ಖಚಿತವಾಗಿ ಹೇಳುವ ಒಂದೇ ಒಂದು ಅದಕ್ಕಿಂತ ದುಬಾರಿ. ಬೆಲೆಯ ಲೆಕ್ಕವನ್ನು ಮಾತ್ರ ಎಂದೂ ಮಾಡೆಲಿಗೆ ಬಿಡಬೇಡಿ, ಗುಣಾಕಾರವನ್ನು ಶೀಟೇ ಮಾಡಲಿ.

ಖರ್ಚಿನ ಬಗ್ಗೆ ಒಂದು ಮಾತು. ಮಾಡೆಲುಗಳು ಪಠ್ಯವನ್ನು ಟೋಕನ್ನುಗಳಾಗಿ ಒಡೆದು ಎಣಿಸುತ್ತವೆ, ಕನ್ನಡಕ್ಕೆ ಇಂಗ್ಲಿಷಿಗಿಂತ ಹೆಚ್ಚು ಟೋಕನ್ನುಗಳು ಬೇಕಾಗುತ್ತವೆ. ಹೊಸ ಮಾಡೆಲುಗಳಲ್ಲಿ ಈ ಅಂತರ ಕಡಿಮೆಯಾಗಿದೆ. ಓಪನ್‌ಎಐ 2024ರ ಮೇ ತಿಂಗಳಲ್ಲಿ ಜಿಪಿಟಿ-4ಒ ತಂದಾಗ ಒಂದು ಮಾದರಿ ವಾಕ್ಯಕ್ಕೆ ತೆಲುಗಿನಲ್ಲಿ 3.5 ಪಟ್ಟು, ತಮಿಳಿನಲ್ಲಿ 3.3 ಪಟ್ಟು ಕಡಿಮೆ ಟೋಕನ್ನುಗಳು ಸಾಕಾಗುವುದನ್ನು ತೋರಿಸಿತ್ತು. ಆದುದರಿಂದ ಅಗ್ಗವೆಂದು ಹಳೆಯ ಮಾಡೆಲನ್ನು ಆರಿಸುವ ಮೊದಲು ನಿಮ್ಮದೇ 200 ಸಂದೇಶಗಳಿಗೆ ಎಷ್ಟಾಗುತ್ತದೆ ಎಂದು ಎಣಿಸಿ ನೋಡಿ. ಹಳೆಯದಕ್ಕೆ ಇನ್ನೊಂದು ಅಪಾಯವೂ ಇದೆ: ಮಾಡೆಲುಗಳು ನಿವೃತ್ತವಾಗುತ್ತವೆ. ಟೆಕ್ಸ್ಟ್-ಡಾವಿಂಚಿ-003 ಎಂಬುದನ್ನು ನೆಚ್ಚಿಕೊಂಡಿದ್ದವರಿಗೆ 2024ರ ಜನವರಿ 4ರಂದು ಅದು ಇಲ್ಲವಾಯಿತು. ಓಪನ್‌ಎಐನ ಅಸಿಸ್ಟೆಂಟ್ಸ್ ಎಪಿಐಗೆ (ಬೇರೆ ತಂತ್ರಾಂಶಗಳು ಅದರ ಎಐಯನ್ನು ಬಳಸುವ ಒಂದು ಜೋಡಣೆಗೆ) 2026ರ ಆಗಸ್ಟ್ 26 ಕೊನೆಯ ದಿನವೆಂದು ಒಂದು ವರ್ಷ ಮೊದಲೇ ಘೋಷಿಸಲಾಗಿತ್ತು. ವೇದಿಕೆ ಬದಲಾಗದಿದ್ದರೂ ಅದರೊಳಗಿನ ಮಾಡೆಲ್ ಬದಲಾಗುತ್ತದೆ, ಆಗಲೂ ಇದೇ ಗಂಟು ನಿಮಗೆ ಬೇಕಾಗುತ್ತದೆ. ಪ್ರಾಂಪ್ಟನ್ನೂ ಪಟ್ಟಿಯನ್ನೂ ಗಂಟನ್ನೂ ವೇದಿಕೆಯೊಳಗೆ ಬಚ್ಚಿಡದೆ ನಿಮ್ಮ ಸ್ವಂತ ಡ್ರೈವಿನಲ್ಲಿಟ್ಟುಕೊಳ್ಳಿ.

ಮಿಡಿಮನೆ, ಸಾಗರ

ಕುಶಲ ಕೇಳುವ ಸಂದೇಶಗಳನ್ನು ಓದಿ ನಗು ಬಂತು. ನಮಗೆ ಬರುವವುಗಳಲ್ಲಿ ಅವೇ ಹೆಚ್ಚು. ಮಗಳೊಡನೆ ಮಾತನಾಡಿ ಹೀಗೆ ತೀರ್ಮಾನಿಸಿದ್ದೇವೆ. ಈ ತಿಂಗಳು 200 ಸಂದೇಶಗಳ ಪಟ್ಟಿ. ಮುಂದಿನ ತಿಂಗಳು ಹಣಕ್ಕೂ ಗ್ರಾಹಕರಿಗೂ ಸಂಬಂಧವಿಲ್ಲದ ವರ್ಕ್‌ಫ್ಲೋಗಳು ಹೊಸದಕ್ಕೆ ಹೋಗುತ್ತವೆ: ದಿನದ ವರದಿ, ಬಾಟಲಿ ಮತ್ತು ಮುಚ್ಚಳದ ದಾಸ್ತಾನಿನ ಎಚ್ಚರಿಕೆ ಇತ್ಯಾದಿ. ಆಮೇಲೆ ಸಂದೇಶ ಓದುವುದು, ಕೈ ಜೋಡಿಸದೆ. ದೀಪಾವಳಿಯ ಪಾರ್ಸೆಲುಗಳು ಮುಗಿದ ನಂತರ ಪಾವತಿ ಮತ್ತು ಕೊರಿಯರ್, ಒಂದು ಮಂಗಳವಾರ ಬೆಳಗ್ಗೆ. ನಮ್ಮಲ್ಲಿ ಆರ್ಡರ್ ಅತಿ ಕಡಿಮೆ ಇರುವುದು ಅಂದೇ. 11ರಲ್ಲಿ ನಾಲ್ಕು ವರ್ಕ್‌ಫ್ಲೋಗಳು ವರ್ಷದಿಂದ ಓಡಿಲ್ಲ, ಅವನ್ನು ಬಿಟ್ಟೆವು.

ಕೊನೆಯದಾಗಿ, ಹಳೆಯ ಖಾತೆಯನ್ನು ಯಾವಾಗ ಮುಚ್ಚಬೇಕು?

ಜೋಡಣೆಗಾರ, ಮೈಸೂರು

ಕೂಡಲೇ ಮುಚ್ಚಬೇಡಿ. ಎಲ್ಲವೂ ಹೊಸದಕ್ಕೆ ಬಂದ ಮೇಲೆ ಹಳೆಯದನ್ನು ಅತಿ ಕಡಿಮೆ ದರದ ಯೋಜನೆಗೆ ಇಳಿಸಿ, ಎಲ್ಲ ವರ್ಕ್‌ಫ್ಲೋಗಳ ಕ್ರಿಯೆಗಳನ್ನು ತೆಗೆದು, ಟ್ರಿಗರ್ ಮಾತ್ರ ಉಳಿಸಿ, ಬಂದದ್ದನ್ನು ನಿಮ್ಮ ಇಮೇಲಿಗೆ ತಿಳಿಸುವ ಒಂದೇ ಹೆಜ್ಜೆಯನ್ನಿಟ್ಟು ಒಂದು ತಿಂಗಳು ಬಿಡಿ. ಹಳೆಯ ವೆಬ್‌ಹುಕ್ ವಿಳಾಸಕ್ಕೆ ಇನ್ನೂ ಯಾರು ಬಾಗಿಲು ಬಡಿಯುತ್ತಿದ್ದಾರೆ ಎಂಬುದು ಆಗ ತಿಳಿಯುತ್ತದೆ. ಮರೆತುಹೋದ ಯಾವುದೋ ವೆಬ್‌ಸೈಟ್ ಫಾರ್ಮೋ ಕೊರಿಯರಿನವರ ಸೂಚನೆಯೋ ಒಂದು ಇದ್ದೇ ಇರುತ್ತದೆ. ತಿಂಗಳು ಸದ್ದಿಲ್ಲದೆ ಕಳೆದರೆ ಓಟಗಳ ದಾಖಲೆಗಳನ್ನು ಇಳಿಸಿಕೊಂಡು, ಗೂಗಲ್, ಪಾವತಿ ಸೇವೆ ಮತ್ತು ವಾಟ್ಸ್ಆ್ಯಪ್‌ನ ಕಡೆಯಿಂದ ಆ ವೇದಿಕೆಗೆ ಕೊಟ್ಟಿದ್ದ ಅನುಮತಿಗಳನ್ನು ಒಂದೊಂದಾಗಿ ಹಿಂಪಡೆಯಿರಿ, ಹಳೆಯ ಎಪಿಐ ಕೀಲಿಗಳನ್ನು ರದ್ದುಮಾಡಿ ಹೊಸವನ್ನು ಪಡೆಯಿರಿ. ದಾವಣಗೆರೆಯವರು ಹೇಳಿದಂತೆ ಗ್ರಾಹಕರ ದತ್ತಾಂಶವನ್ನು ಅಳಿಸುವಂತೆ ಲಿಖಿತವಾಗಿ ಕೇಳಿ, ಅವರ ಉತ್ತರ ಕೈಗೆ ಬಂದ ಮೇಲೆ ಖಾತೆಯನ್ನು ಮುಚ್ಚಿ. ಚಂದಾ ನವೀಕರಣದ ದಿನಾಂಕ ಯಾವುದೆಂದು ಇವತ್ತೇ ನೋಡಿಟ್ಟುಕೊಳ್ಳಿ.